ಚೊಗರು, ಕಡತ, ಇದ್ದಿಲು: ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯ ಬಣ್ಣಗಾರಿಕೆಯಲ್ಲಿ ಉಳಿಕೆ ವಸ್ತುವಿನ ಚರಿತ್ರೆ

ಕೈಗಾರಿಕೆಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ತಯಾರಾದ ಸರಕಿನ ಲೆಕ್ಕವನ್ನು ಕೊಟ್ಟಿದ್ದಾರೆ. ತಯಾರಿಕೆಯಲ್ಲಿ ಉಳಿದುಹೋದುದರ ಲೆಕ್ಕ ಅಷ್ಟಾಗಿ ಸಿಗುವುದಿಲ್ಲ. ಬಣ್ಣ, ಶಾಯಿ ಮತ್ತು ರಾಸಾಯನಿಕಗಳ ತಯಾರಿಕೆಯ ಮಟ್ಟಿಗಂತೂ ಇದು ದೊಡ್ಡ ಕೊರತೆ. ಕುದಿಸುವುದು, ಸೋಸುವುದು, ಬಸಿಯುವುದು, ತೊಳೆಯುವುದು ಈ ಕಸುಬುಗಳ ಮೂಲಕ್ರಿಯೆಗಳು. ಪ್ರತಿಯೊಂದು ಕ್ರಿಯೆಯೂ ಪಾತ್ರೆಯ ತಳದಲ್ಲಿ ಏನನ್ನಾದರೂ ಬಿಟ್ಟೇ ಮುಂದೆ ಸಾಗುತ್ತದೆ. ಹಾಗೆ ಬಿಟ್ಟದ್ದು ಎಲ್ಲಿಗೆ ಹೋಯಿತು, ಯಾರ ಕೈಸೇರಿತು, ಯಾವಾಗ ಯಾರಿಗೂ ಬೇಡವಾಯಿತು ಎಂಬ ಪ್ರಶ್ನೆಗಳನ್ನು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಮುಂದಿಟ್ಟುಕೊಂಡು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಲ್ಲಿ ಮಲೆನಾಡು ಇಳಿದು ಬಯಲಾಗುವ ನೆಲವಿದು. ಲಕ್ಕವಳ್ಳಿಯ ಕಡೆಗೆ ಕಾಡು ಮತ್ತು ತೋಟ. ಅಜ್ಜಂಪುರ, ಕಡೂರುಗಳ ಕಡೆಗೆ ಹೊಲ, ಹುಲ್ಲುಗಾವಲು, ಕುರಿಹಿಂಡು. 1947ರವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು; ಅಜ್ಜಂಪುರ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಕಾಡಿನ ಕಸುಬು, ತೋಟದ ಕಸುಬು, ಬಯಲಿನ ಕಸುಬು ಮೂರೂ ಒಂದು ದಿನದ ಎತ್ತಿನಗಾಡಿ ಪಯಣದೊಳಗೆ ಎದುರಾಗುವ ಇಂಥ ಎಡೆಯಲ್ಲಿ ಒಂದರ ಉಳಿಕೆ ಇನ್ನೊಂದರ ಮೊದಲಾಗುವ ಬಗೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ ಶಬ್ದಗಳ ವಿಚಾರ. ಇಂದು ಆಡಳಿತದಲ್ಲಿಯೂ ಪತ್ರಿಕೆಗಳಲ್ಲಿಯೂ ಬಳಕೆಯಲ್ಲಿರುವ ‘ತ್ಯಾಜ್ಯ’ ಎಂಬ ಪದ ಹಳ್ಳಿಯ ಕಸುಬುದಾರರ ಪದವಲ್ಲ. ಪಂಚಾಂಗದ ಪರಿಭಾಷೆಯಲ್ಲಿ ತ್ಯಾಜ್ಯವೆಂದರೆ ಬಿಡಬೇಕಾದ ಕಾಲ. ಅದು ವೇಳೆಗೆ ಸಂಬಂಧಿಸಿದ ಮಾತು. ಉಳಿದ ವಸ್ತುವಿಗೆ ಕನ್ನಡದ ಕಸುಬುಗಳು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿವೆ. ಗಾಣದಲ್ಲಿ ಉಳಿದದ್ದು ಹಿಂಡಿ, ಒನಕೆಯ ಕೆಳಗೆ ಉಳಿದದ್ದು ತೌಡು ಮತ್ತು ನುಚ್ಚು, ಎಣ್ಣೆಯ ತಳದಲ್ಲಿ ನಿಂತದ್ದು ಗಸಿ, ಕಷಾಯ ಸೋಸಿದ ಮೇಲೆ ಉಳಿದದ್ದು ಚರಟ, ಕಬ್ಬಿಣ ಕರಗಿಸಿದ ಮೇಲೆ ಉಳಿದದ್ದು ಕಿಟ್ಟ. ಇವು ಒಂದೇ ಅರ್ಥದ ಹಲವು ಪದಗಳಲ್ಲ. ಹಿಂಡಿಯೆಂದ ಕೂಡಲೆ ದನದ ಗೋದಲಿ ನೆನಪಾಗುತ್ತದೆ; ಹಳೆಯ ಕಿಟ್ಟವನ್ನು ಮಂಡೂರವೆಂದು ಕರೆದು ಆಯುರ್ವೇದ ಔಷಧಿಗೆ ತೆಗೆದುಕೊಂಡಿತು. ಅಂದರೆ ಹೆಸರೇ ಮುಂದಿನ ಬಳಕೆದಾರನ ಕಡೆಗೆ ಬೆರಳು ತೋರುತ್ತದೆ. ಹೆಸರಿರುವ ಉಳಿಕೆಗೆ ಕಾಯುವವರು ಇರುತ್ತಾರೆ. ಈ ದೃಷ್ಟಿಯಿಂದ ಈ ಸೀಮೆಯಲ್ಲಿ ಅತ್ಯಂತ ಗಮನಾರ್ಹವಾದ ಹೆಸರು ಚೊಗರು.

ಚೊಗರು ಅಥವಾ ತೊಗರು ಎಂದರೆ ಅಡಿಕೆ ಬೇಯಿಸಿದ ನೀರು. ಒಗರಿನ ರುಚಿ ಮತ್ತು ಕಂದುಗೆಂಪು ಬಣ್ಣ ಎರಡನ್ನೂ ಒಂದೇ ಶಬ್ದದಲ್ಲಿ ಹಿಡಿಯುವ ಪದವಿದು. ತಮಿಳಿನ ‘ತುವರ್’ ಎಂಬ ಜ್ಞಾತಿಪದದಲ್ಲಿಯೂ ಒಗರು, ಕೆಂಪು ಎಂಬ ಎರಡು ಅರ್ಥಗಳಿವೆ. ರಸಾಯನಶಾಸ್ತ್ರ ಟ್ಯಾನಿನ್ ಎಂದು ಕರೆಯುವ ವಸ್ತುವಿನಲ್ಲಿ ರುಚಿಯೂ ಬಣ್ಣವೂ ಕೂಡಿಯೇ ಇರುತ್ತವೆಂಬ ಅರಿವು ದ್ರಾವಿಡ ಭಾಷೆಗಳ ಶಬ್ದಕೋಶದಲ್ಲಿ ಹೀಗೆ ಮೊದಲೇ ಉಂಟು.

ಮಾಗದ, ಹಸಿರಾಗಿರುವಾಗಲೇ ಕೊಯ್ದ ಅಡಿಕೆಯನ್ನು ಮೆಟ್ಟುಗತ್ತಿಯಲ್ಲಿ ಸುಲಿದು, ಇಡಿಯಾಗಿಯೋ ಹೋಳುಮಾಡಿಯೋ ಹಂಡೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮೊದಲ ಒಬ್ಬೆಯನ್ನು ಬೇಯಿಸಿದಾಗ ಅಡಿಕೆಯ ಒಗರು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲುವುದಿಲ್ಲ. ಅದರಲ್ಲಿಯೇ ಎರಡನೆಯ ಒಬ್ಬೆ, ಮೂರನೆಯ ಒಬ್ಬೆ ಬೇಯುತ್ತವೆ. ಮೂರು ನಾಲ್ಕು ಒಬ್ಬೆಗಳಾಗುವಷ್ಟರಲ್ಲಿ ನೀರು ಗಟ್ಟಿಯಾಗಿ ಗಾಢ ಕೆಂಪಿಗೆ ತಿರುಗುತ್ತದೆ. ಬೆಂದ ಅಡಿಕೆಗೆ ಹೊಳಪು ಬರಲೆಂದು ಅದನ್ನೇ ಲೇಪಿಸಿ ಒಣಹಾಕುವುದು ಪದ್ಧತಿ. ಕೊಯ್ಲು ಮುಗಿದ ಮೇಲೂ ಉಳಿದದ್ದನ್ನು ಬತ್ತಿಸಿ ಮುಂದಿನ ವರ್ಷದ ಮೊದಲ ಹಂಡೆಗೆ ಬೆರೆಸಲು ಇಟ್ಟುಕೊಳ್ಳುತ್ತಿದ್ದರು. ಹಾಲಿಗೆ ಹೆಪ್ಪು ಹೇಗೋ ಹಂಡೆಗೆ ಹಳೆಯ ಚೊಗರು ಹಾಗೆ.

ಇದನ್ನು ಬರಿಯ ಮಿತವ್ಯಯವೆಂದು ವಿವರಿಸಿದರೆ ಸಾಲದು. ಹಂಡೆಗೆ ಪ್ರತಿಸಲವೂ ಹೊಸ ನೀರು ಹಾಕಿದರೆ ಅದು ಅಡಿಕೆಯಿಂದ ಹೆಚ್ಚು ಒಗರನ್ನು ಸೆಳೆದುಕೊಳ್ಳುತ್ತದೆ; ಅಡಿಕೆ ಪೇಲವವಾಗುತ್ತದೆ, ತೂಕವೂ ಕುಂದುತ್ತದೆ. ಈಗಾಗಲೇ ಒಗರು ತುಂಬಿರುವ ನೀರು ಅಷ್ಟು ಸೆಳೆಯಲಾರದು. ಹೀಗಾಗಿ ಉಳಿಕೆಯನ್ನು ಮರಳಿ ಬಳಸುವುದು ಇಲ್ಲಿ ಸರಕಿನ ಗುಣಮಟ್ಟದ ಶರತ್ತೇ ಆಗಿತ್ತು. ಅಡಿಕೆಯಿಂದ ಹೊರಟ ಬಣ್ಣ ಅಡಿಕೆಗೇ ಮರಳುತ್ತಿತ್ತು. ಸುಲಿಯುವವರ ಬೆರಳುಗಳಲ್ಲಿ ಮಾತ್ರ ಅದರ ಇನ್ನೊಂದು ರೂಪ ಕಾಣುತ್ತಿತ್ತು. ಹಸಿ ಅಡಿಕೆಯ ಒಗರು ಮೆಟ್ಟುಗತ್ತಿಯ ಕಬ್ಬಿಣವನ್ನು ಸೇರಿ ಕಪ್ಪಾಗುತ್ತದೆ; ತಿಂಗಳುಗಟ್ಟಲೆ ಸುಲಿದ ಹೆಂಗಸರ ಕೈಗಳಿಂದ ಆ ಕಪ್ಪು ಬೇಗ ಹೋಗುವುದಿಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಬರೆಯುವ ಮಸಿಯನ್ನು ಮಾಡುತ್ತಿದ್ದ ವಿಧಾನದಲ್ಲಿ ನಡೆಯುವುದೂ ಇದೇ, ಒಗರು ಮತ್ತು ಕಬ್ಬಿಣದ ಕೂಡಿಕೆ. ಅಡಿಕೆ ಸುಲಿತದ ಹಾಡು ಕತೆಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು ಈ ಕೈಗಳ ಬಣ್ಣವನ್ನೂ ಒಂದು ದಾಖಲೆಯೆಂದು ಓದಬಹುದಿತ್ತು.

ಬಯಲಿನ ಕಡೆಗೆ ಬಂದರೆ ಚೊಗರಿನ ಜಾಗದಲ್ಲಿ ಹುಣಸೆ ಬೀಜ ನಿಲ್ಲುತ್ತದೆ. ಹುಣಸೆಹಣ್ಣನ್ನು ಬಿಡಿಸಿ ಅಡುಗೆಗೆ ಇಟ್ಟುಕೊಂಡ ಮೇಲೆ ಉಳಿಯುವ ಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ ಅರೆದು ಕಾಯಿಸಿದರೆ ಗಟ್ಟಿಯಾದ ಅಂಟು ಸಿದ್ಧವಾಗುತ್ತದೆ. ಕುರುಬರು ಕಂಬಳಿಯ ಹಾಸುನೂಲಿಗೆ ಹಚ್ಚುವ ಸರಿ ಇದೇ. ಕಪ್ಪು ಕುರಿಯ ಉಣ್ಣೆಗೆ ಬಣ್ಣ ಬೇಕಿಲ್ಲ; ಎಳೆ ಗಟ್ಟಿಯಾಗಿ ನಿಲ್ಲಲು ಸರಿ ಬೇಕು. ಅದೇ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ ಹತ್ತಿಬಟ್ಟೆಯ ಪಟ್ಟಿಗೆ ಎರಡೂ ಮಗ್ಗುಲು ಬಳಿದು ಒಣಗಿಸಿದರೆ ಅದು ಕಡತ.

ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಚಿ ಪುಸ್ತಕದಂತೆ ಕಟ್ಟುತ್ತಿದ್ದರು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿಯೇ ಬಣ್ಣಿಸಿದ್ದಾನೆ. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದರೂ ಕಾಪಾಡಿದರೆ ಬಹುಕಾಲ ಬಾಳುವ ಸಾಧನವಿದು. ಇದೇ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸ ಸಂಶೋಧಕರಿಗೆ ಸುಪರಿಚಿತ. ಅವುಗಳಲ್ಲಿ ಬರೆದಿರುವ ವಿಷಯದ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಬರೆಸಿಕೊಂಡ ವಸ್ತುವಿನ ಬಗ್ಗೆ ನಡೆದದ್ದು ಕಡಿಮೆ. ಹುಣಸೆ ಬೀಜ, ಒಲೆಯ ಇದ್ದಿಲು, ಬಟ್ಟೆ, ಮೆದುಕಲ್ಲಿನ ತುಂಡು, ಇಷ್ಟರಿಂದ ಒಂದು ಸಂಸ್ಥಾನದ ಲೆಕ್ಕಪತ್ರ ನಡೆಯುತ್ತಿತ್ತು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇಗುಲವನ್ನು ಕಟ್ಟಿಸಿದ ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಪ್ರಿಯವಾದ ಕಲ್ಲಿಗೂ ಬಳಪದ ಕಲ್ಲು ಎಂಬ ಹೆಸರಿರುವುದು ಆಕಸ್ಮಿಕವಲ್ಲ. ಉಗುರಿಗೂ ಗೀರು ಬೀಳುವ ಮೃದುತ್ವವೇ ಎರಡಕ್ಕೂ ಹೆಸರು ತಂದಿದೆ.

ಈ ಬಗೆಯ ಸರಪಳಿಗಳು ಬೇರೆಡೆಯೂ ಇದ್ದವು. ದಕ್ಷಿಣ ಭಾರತದ ನೀಲಿ ಬಣ್ಣಗಾರರು ಸುಣ್ಣ ಮತ್ತು ತಗಚೆ ಬೀಜ ಹಾಕಿ ಹುಳಿಯಿಸಿದ ಹರವಿಯನ್ನು ಪೂರ್ತಿ ಬರಿದು ಮಾಡುತ್ತಿರಲಿಲ್ಲ. ನೀಲಿ ತೆಗೆದ ಗಿಡದ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಕಾಳಹಸ್ತಿಯ ಕಲಂಕಾರಿಯವರು ಹಳೆಯ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ಕಪ್ಪು ಬಣ್ಣ ಪಡೆಯುತ್ತಾರೆ. ನೆರೆಯ ಸಾಗರ, ಸೊರಬ ಕಡೆಯ ದೀವರ ಹಸೆ ಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ. ಹಾಗೆಂದು ಇದನ್ನೆಲ್ಲ ಸುವರ್ಣಯುಗವೆಂದು ಕೊಂಡಾಡುವುದು ಸರಿಯಲ್ಲ. ಚೊಗರನ್ನು ಬತ್ತಿಸಲು ಸೌದೆ ಬೇಕು. ಆ ಸೌದೆಗೆ ಬೆಲೆ ಕಟ್ಟಿದವರಿಲ್ಲ. ರಾತ್ರಿಯೆಲ್ಲ ಸುಲಿದವರ ಕೂಲಿಯೂ ಅಷ್ಟಕ್ಕಷ್ಟೆ. ದೇಸೀ ಜ್ಞಾನವನ್ನು ಕುರಿತ ಬರವಣಿಗೆಗಳಲ್ಲಿ ಈ ಎರಡು ಖರ್ಚುಗಳು ಹೆಚ್ಚಾಗಿ ಬಿಟ್ಟುಹೋಗುತ್ತವೆ.

ಸೌದೆಯ ಮಾತು ಬಂದಾಗ ಇದ್ದಿಲಿನ ಕಡೆಗೆ ತಿರುಗಬೇಕು. ಕಾಡಿನಲ್ಲಿ ಮರವನ್ನು ಪೇರಿಸಿ ಮಣ್ಣು ಮುಚ್ಚಿ ಸುಡುವ ಹಳೆಯ ಗೂಡಿನಲ್ಲಿ ದಕ್ಕುತ್ತಿದ್ದುದು ಇದ್ದಿಲು ಮಾತ್ರ. ಮರದ ತೂಕದ ದೊಡ್ಡ ಪಾಲು ಹೊಗೆಯಾಗಿ ಹಾರಿಹೋಗುತ್ತಿತ್ತು. ಉಳಿಕೆಯನ್ನು ಬಿಡದ ಜನಪದರ ಕೈಯಿಂದಲೂ ತಪ್ಪಿಸಿಕೊಂಡ ಉಳಿಕೆಯೆಂದರೆ ಈ ಹೊಗೆ. ಅದನ್ನು ಹಿಡಿಯುವ ಸಾಹಸಕ್ಕೆ ಕೈಹಾಕಿದ್ದು ಮೈಸೂರು ಸಂಸ್ಥಾನ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ನಿರ್ಮಾಣವಾಗಿ 1923ರ ಜನವರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದಿರು ಬಂದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಮರ ಬಂದದ್ದು ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಕಾಡುಗಳಿಂದ. ಕೆಮ್ಮಣ್ಣುಗುಂಡಿ ಎಂಬ ಹೆಸರನ್ನು ಇಟ್ಟವರಿಗೆ ಅಲ್ಲಿ ಮೊದಲು ಕಂಡದ್ದು ಗೋಡೆಗೆ ಬಳಿಯುವಂಥ ಕೆಂಪು ಮಣ್ಣು ಎಂಬುದನ್ನು ಸ್ಥಳನಾಮ ಈಗಲೂ ಸಾರುತ್ತದೆ.

ಕಲ್ಲಿದ್ದಲು ದೂರವಿದ್ದುದರಿಂದ ಭದ್ರಾವತಿಯ ಕುಲುಮೆಗೆ ಇದ್ದಿಲೇ ಇಂಧನ. ಅಷ್ಟು ಇದ್ದಿಲನ್ನು ಮಣ್ಣಿನ ಗೂಡುಗಳಲ್ಲಿ ಸುಡುವ ಬದಲು ಗಾಳಿಯಾಡದ ಮುಚ್ಚುಪಾತ್ರೆಗಳಲ್ಲಿ ಮರವನ್ನು ಕಾಯಿಸುವ ಮರದ ಬಟ್ಟಿ ಘಟಕವನ್ನು ಕಾರ್ಖಾನೆಯ ಅಂಗವಾಗಿಯೇ ಸ್ಥಾಪಿಸಲಾಯಿತು. ಹಾಗೆ ಕಾಯಿಸಿದಾಗ ಏಳುವ ಆವಿಯನ್ನು ತಣಿಸಿದರೆ ಡಾಂಬರು ಮತ್ತು ಹುಳಿನೀರು ದೊರೆಯುತ್ತವೆ. ಹುಳಿನೀರಿನಿಂದ ಮೀಥೈಲ್ ಆಲ್ಕೊಹಾಲನ್ನು ಬೇರ್ಪಡಿಸಿ, ಉಳಿದ ಅಸಿಟಿಕ್ ಆಮ್ಲಕ್ಕೆ ಸುಣ್ಣ ಕೂಡಿಸಿದರೆ ಕ್ಯಾಲ್ಸಿಯಂ ಅಸಿಟೇಟ್. ಇವೆಲ್ಲವೂ ವಾರ್ನಿಷು, ಬಣ್ಣ ಮತ್ತು ಬಟ್ಟೆ ಕೈಗಾರಿಕೆಗಳಿಗೆ ಆಗ ಬೇಕಾಗಿದ್ದ ವಸ್ತುಗಳು. ಯುರೋಪಿನ ಬಣ್ಣಗಾರರು ಕಬ್ಬಿಣದ ಚೂರನ್ನು ಮರದ ಹುಳಿನೀರಿನಲ್ಲಿ ಕರಗಿಸಿ ಕಪ್ಪು ಬಣ್ಣಕ್ಕೆ ಬಳಸುತ್ತಿದ್ದುದುಂಟು. ಬೆಲ್ಲದ ನೀರಿನ ಜಾಗದಲ್ಲಿ ಮರದ ಹುಳಿ, ಅಷ್ಟೇ ವ್ಯತ್ಯಾಸ.

ಯೋಜನೆಯ ಲೆಕ್ಕಾಚಾರದಲ್ಲಿ ಈ ಉಪಉತ್ಪನ್ನಗಳ ಆದಾಯಕ್ಕೆ ಮುಖ್ಯ ಪಾತ್ರವಿತ್ತು. ಅವು ಮಾರಾಟವಾದರೆ ಇದ್ದಿಲು ಅಗ್ಗ. ಇದ್ದಿಲು ಅಗ್ಗವಾದರೆ ಕಬ್ಬಿಣ ಅಗ್ಗ. ಆದರೆ ಭದ್ರಾವತಿಯ ಕುಲುಮೆ ಉರಿದ 1923ರಲ್ಲಿಯೇ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಲಾಯ್ನಾ ಎಂಬಲ್ಲಿ ಕೃತಕವಾಗಿ ಮೆಥನಾಲನ್ನು ತಯಾರಿಸತೊಡಗಿತು. ಮರದ ಅಗತ್ಯವೇ ಇಲ್ಲದೆ ಅನಿಲಗಳಿಂದ ತಯಾರಾಗುವ ಆ ಸರಕಿನ ಮುಂದೆ ಮರದಿಂದ ಬಟ್ಟಿಯಿಳಿಸಿದ್ದು ಜಗತ್ತಿನೆಲ್ಲೆಡೆ ಬೆಲೆ ಕಳೆದುಕೊಂಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆಯೂ ಕುಸಿದಿತ್ತು. 1923ರಲ್ಲಿ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು ಕಾರ್ಖಾನೆಯನ್ನು ನಿಲ್ಲಿಸಿದ ಕತೆ ಕನ್ನಡದಲ್ಲಿ ಹಲವು ಬಾರಿ ಬಂದಿದೆ. ಅದರೊಳಗೆ ಹೊಗೆ ಹಿಡಿದ ಕತೆಗೆ ಮಾತ್ರ ಪ್ರತ್ಯೇಕ ಸ್ಥಾನ ದೊರೆತಂತಿಲ್ಲ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲ ಕುಲುಮೆಯ ಪ್ರಾಧಾನ್ಯವೇ ತಗ್ಗಿತು.

ಭದ್ರಾವತಿಯ ಯಂತ್ರಕ್ಕೂ ತರೀಕೆರೆಯ ಹಂಡೆಗೂ ತತ್ತ್ವದಲ್ಲಿ ಭೇದವಿಲ್ಲ. ಒಂದು ಕ್ರಿಯೆಯಲ್ಲಿ ಉಳಿದದ್ದು ಇನ್ನೊಂದರ ಕಚ್ಚಾವಸ್ತು. ಭೇದವಿರುವುದು ಕೊಳ್ಳುವವರಲ್ಲಿ. ಚೊಗರನ್ನು ಕೊಳ್ಳುತ್ತಿದ್ದುದು ಅದೇ ಮನೆಯ ಮುಂದಿನ ಹಂಡೆ. ಅಸಿಟೇಟನ್ನು ಕೊಳ್ಳಬೇಕಾದವರು ಸಮುದ್ರದಾಚೆಗೂ ಹರಡಿದ್ದರು. ದೂರದಲ್ಲಿ ಒಂದು ಹೊಸ ವಿಧಾನ ಹುಟ್ಟಿದೊಡನೆ ಇಲ್ಲಿನ ಉಪಉತ್ಪನ್ನ ಉಳಿಕೆಯಾಯಿತು.

ಅರಗಿನ ಚರಿತ್ರೆಯೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಅರಗಿನ ಹುಳುವಿನ ಕಡ್ಡಿಯನ್ನು ಕುಟ್ಟಿ ತೊಳೆದರೆ ನೀರಿನಲ್ಲಿ ಕೆಂಪು ಬಣ್ಣ, ತಳದಲ್ಲಿ ಅಂಟರಗು. 19ನೆಯ ಶತಮಾನದ ಪೂರ್ವಾರ್ಧದವರೆಗೆ ಆ ಕೆಂಪು ನೀರೇ ಬೆಲೆಯುಳ್ಳ ಸರಕಾಗಿತ್ತು. 1856ರಲ್ಲಿ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲಿನ ಕೆಲವು ದಶಕಗಳಲ್ಲಿ ತೊಳೆದ ನೀರು ಚರಂಡಿಗೆ ಬಿತ್ತು, ಅರಗು ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿದ್ದು ಈ ಬದಲಾದ ಕಾಲದಲ್ಲಿ. ಅದರ ಅರಗಿಗೆ ಮುದ್ರೆಯರಗಾಗಿ, ವಾರ್ನಿಷಾಗಿ ಬೇಡಿಕೆಯಿತ್ತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದೂ ಇದೇ ಸಂಸ್ಥೆ; 1989ರಿಂದ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ಆ ಶಾಯಿಯ ಜೀವಾಳ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್. ಇಷ್ಟು ದುಬಾರಿ ವಸ್ತು ಇರುವೆಡೆ ತೊಟ್ಟನ್ನೂ ಎಣಿಸಬೇಕಾಗುತ್ತದೆ. 10 ಮಿಲಿಲೀಟರಿನ ಒಂದು ಸೀಸೆಯಿಂದ ಸುಮಾರು 700 ಮತದಾರರ ಬೆರಳಿಗೆ ಗುರುತು ಹಾಕಬಹುದೆಂಬುದು ಅಂಥದೊಂದು ಎಣಿಕೆ.

ಇಂದಿನ ಬಣ್ಣದ ಕಾರ್ಖಾನೆಗಳಲ್ಲಿ ನಷ್ಟ ತಗ್ಗಿಸಲು ಅನುಸರಿಸುವ ವಿಧಾನಗಳನ್ನು ನೋಡಿದರೆ ಹಂಡೆಯ ಶಾಸ್ತ್ರ ಪೂರ್ತಿ ಅಳಿದಿಲ್ಲವೆನಿಸುತ್ತದೆ. ಒಂದೇ ಕಡಾಯಿಯಲ್ಲಿ ಮೊದಲು ತಿಳಿಬಣ್ಣ, ಆಮೇಲೆ ಗಾಢಬಣ್ಣ ತಯಾರಿಸಿದರೆ ನಡುವೆ ತೊಳೆಯುವ ಕೆಲಸ ಕಡಿಮೆಯಾಗುತ್ತದೆ. ತೊಳೆದ ನೀರನ್ನೋ ದ್ರಾವಕವನ್ನೋ ಅದೇ ಬಣ್ಣದ ಮುಂದಿನ ಪಾಕಕ್ಕೆ ಬೆರೆಸುತ್ತಾರೆ. ಬಟ್ಟೆಗೆ ಬಣ್ಣ ಹಾಕುವವರ ಕ್ರಮ ಇದಕ್ಕೆ ತಿರುಗುಮುರುಗು: ಹೊಸ ಕಷಾಯದಲ್ಲಿ ಗಾಢವಾಗಬೇಕಾದ ಬಟ್ಟೆ, ಸತ್ವ ಇಳಿದ ಕಷಾಯದಲ್ಲಿ ತಿಳಿಬಣ್ಣದ್ದು. ದಾರಿ ಎರಡು, ಗುರಿ ಒಂದೇ.

ಹೀಗಿರುವಾಗ ಚೊಗರು ಹುಟ್ಟಿದ ನೆಲದಲ್ಲಿಯೇ ಅದು ತ್ಯಾಜ್ಯವಾಗುತ್ತಿರುವುದು ಚರಿತ್ರೆಯ ವಿಪರ್ಯಾಸ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದ ಮೇಲೆ, ಅನಂತರ ಕೊಳವೆಬಾವಿಗಳ ಕಾಲದಲ್ಲಿ, ಅಡಿಕೆ ಬಯಲಿಗೂ ಇಳಿಯಿತು. ರಾಗಿ, ಜೋಳ, ಈರುಳ್ಳಿ ಬೆಳೆಯುತ್ತಿದ್ದ ಅಜ್ಜಂಪುರ, ಕಡೂರುಗಳ ಹೊಲಗಳಲ್ಲಿಯೂ ತೋಟಗಳೆದ್ದವು. ಬೆಳೆ ಬಂತು, ಅದರೊಂದಿಗೆ ಮನೆಯ ಹಂಡೆ ಬರಲಿಲ್ಲ. ಹಸಿ ಅಡಿಕೆಯನ್ನು ಮರದ ಮೇಲಿರುವಾಗಲೇ ಖೇಣಿಗೆ ಕೊಡುವ ಪದ್ಧತಿಯಿಂದ ಬೆಳೆದವನೇ ಬೇರೆ, ಬೇಯಿಸುವವನೇ ಬೇರೆ ಆದರು. ಮೆಟ್ಟುಗತ್ತಿಯ ಜಾಗಕ್ಕೆ ಸುಲಿಯುವ ಯಂತ್ರ ಬಂತು. ಹಿಂದೆ ತೋಟದ ಬುಡಕ್ಕೆ ಹೋಗುತ್ತಿದ್ದ ಸಿಪ್ಪೆ ರಸ್ತೆಯ ಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವುದನ್ನು ಈ ಭಾಗದಲ್ಲಿ ಓಡಾಡುವವರೆಲ್ಲ ಬಲ್ಲರು. ಖೇಣಿದಾರನಿಗೆ ತೋಟವಿಲ್ಲ, ಆದ್ದರಿಂದ ಸಿಪ್ಪೆ ಬೇಡ. ಮುಂದಿನ ವರ್ಷ ಇದೇ ಊರಿನಲ್ಲಿ ಬೇಯಿಸುವ ಖಾತ್ರಿಯಿಲ್ಲ, ಆದ್ದರಿಂದ ಹಳೆಯ ಚೊಗರೂ ಬೇಡ. ಒಗರು ತುಂಬಿದ ಆ ನೀರು ಹಳ್ಳಕ್ಕೆ ಇಳಿದರೆ ಕೊಳೆಯುವಾಗ ಹಳ್ಳದ ನೀರಿನ ಆಮ್ಲಜನಕವನ್ನು ಹೀರುತ್ತದೆ. ಇನ್ನೊಂದೆಡೆ ಬಣ್ಣಗೆಟ್ಟ ಅಡಿಕೆಗೆ ಕೃತಕ ಬಣ್ಣ ಲೇಪಿಸುವ ದೂರುಗಳು ಮಾರುಕಟ್ಟೆಯಲ್ಲಿ ಕೇಳಿಬರುತ್ತವೆ. ತನ್ನದೇ ಬಣ್ಣವನ್ನು ಚರಂಡಿಗೆ ಚೆಲ್ಲಿ, ಹೊರಗಿನ ಬಣ್ಣವನ್ನು ಕೊಂಡು ತರುವ ಈ ಸ್ಥಿತಿಗೆ ರೈತನ ಅಜ್ಞಾನ ಕಾರಣವೆಂದು ಹೇಳುವುದು ಅನ್ಯಾಯ. ಬೇಯಿಸುವವನಿಗೂ ಉಳಿಕೆಗೂ ಇದ್ದ ನಂಟು ಕಡಿದದ್ದೇ ಕಾರಣ.

ನಂಟನ್ನು ಹೊಸದಾಗಿ ಕಟ್ಟಿದ ಒಂದು ಉದಾಹರಣೆ ನೆರೆಯ ಜಿಲ್ಲೆಯಲ್ಲಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ 1990ರ ದಶಕದಲ್ಲಿ ರೂಪುಗೊಂಡ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ನೂಲಿಗೆ ಚೊಗರಿನ ಬಣ್ಣವನ್ನು ಬಳಸುತ್ತ ಬಂದಿದೆ. ಪಟಿಕ ಕೂಡಿಸಿದರೆ ಒಂದು ಛಾಯೆ, ಕಬ್ಬಿಣದ ಲವಣ ಕೂಡಿಸಿದರೆ ಮಂಕುಗಪ್ಪಿನ ಇನ್ನೊಂದು ಛಾಯೆ. ಸುಲಿಯುವವರ ಬೆರಳ ಮೇಲೆ ಕಂಡ ಕಪ್ಪೇ ಇಲ್ಲಿ ಬಟ್ಟೆಗೆ ಏರಿದೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2003ರಲ್ಲಿ ತೀರ್ಮಾನಿಸಿದ ಬಳಿಕ ಅಡಿಕೆಯ ಪರ್ಯಾಯ ಬಳಕೆಗಳ ಚರ್ಚೆ ಹೆಚ್ಚಿದೆ. ಆ ಚರ್ಚೆಯಲ್ಲಿ ಚೊಗರಿಗೆ ಮುಂಚೂಣಿಯ ಸ್ಥಾನ ಸಲ್ಲಬೇಕು. ತರೀಕೆರೆ ಕಡೆಯ ಚೊಗರು ಬಣ್ಣದ ಮನೆಗಳನ್ನು ತಲುಪಲು ಇರುವ ತೊಡಕು ತಾಂತ್ರಿಕವಾಗಿ ಚಿಕ್ಕದು. ತೆಳುವಾದ ಚೊಗರು ಕೆಲವು ದಿನಗಳಲ್ಲಿ ಬೂಸಲು ಹಿಡಿದು ಹುಳಿಯುತ್ತದೆ. ದೂರ ಸಾಗಿಸಬೇಕಾದರೆ ಬತ್ತಿಸಿ ಗಟ್ಟಿಮಾಡಬೇಕು. ಬತ್ತಿಸಲು ಉರಿ ಬೇಕು. ಉರಿಗೆ ಬೇಕಾದ ಸಿಪ್ಪೆ ಒಣಗಿ ರಸ್ತೆಯ ಬದಿಯಲ್ಲಿಯೇ ಬಿದ್ದಿದೆ.